ಹೂಂಗುಟ್ಟಿದ್ದು

ಸೋಮವಾರ, ಬುಧವಾರ, ಶುಕ್ರವಾರ
ಬೆಳಗಿನ ಐದೂವರೆಗೆ ಸೆಲ್ಬಿ ಹೈನ್ಸ್
ಕೈಯಲ್ಲಿ ಊರುಗೋಲು, ಕಂಕುಳಲ್ಲಿ ಹೊದಿಕೆ,
ನನ್ನ ಟ್ಯಾಕ್ಸಿಯ ಮುಂದಿನ ಸೀಟಿಗೇ ಬರುತ್ತಾನೆ.
ಹಿಂದೆ ಕೂತರೆ ಹೆಣ ಸಾಗಿಸಿದ ಹಾಗಂತೆ.

ತೊಂಬತ್ತು ಕಿಲೋಮೀಟರು, ಡಯಾಲಿಸಿಸ್ಸಿಗೆ.
ಬಿಲ್ಲು ನ್ಯೂಫೌಂಡ್‌ಲ್ಯಾಂಡ್ ಸರ್ಕಾರದ್ದು, ಕತೆ ಅವನದು.
ಕತೆಯೂ ಒಂದೇ:

ಐವತ್ತೆಂಟನೇ ಇಸವಿ. ದ್ವೀಪ ಬಿಡಿ,
ದುಡ್ಡು ಕೊಡುತ್ತೇವೆ ಅಂದರು.
ದ್ವೀಪ ಬಿಟ್ಟೆವು. ಮನೆ ಬಿಡಲಿಲ್ಲ.
ಭರತ ಏರುವ ಹೊತ್ತಿಗೆ ತಳಗಂಬದಿಂದ ಜಾರಿಸಿ
ಸುತ್ತ ಖಾಲಿ ಪೀಪಾಯಿ ಬಿಗಿದು
ನೀರಿಗಿಳಿಸಿದೆವು, ಬೆದರಿದ ಹಸುವನ್ನು ಇಳಿಸಿದ ಹಾಗೆ.
ಮೂರು ದೋಣಿ, ಹದಿನಾಲ್ಕು ಪೀಪಾಯಿ, ಒಂದು ಮನೆ.
ಸಂಜೆಗೆ ಈ ದಡ. ಹಾಗೆ ಬಂದೆವು ನೋಡು.

'ಹಾಗೆ ಬಂದೆವು ನೋಡು' ಅನ್ನುವಾಗ
ಪೆಟ್ರೋಲ್ ಬಂಕಿನ ದೀಪ ಕಾಣಬೇಕು.
ಕಾಣುತ್ತಿತ್ತು.

ನಾನು ಹೂಂ ಅನ್ನುತ್ತಿದ್ದೆ.
ಹೂಂಗಳಲ್ಲೂ ಎರಡು ಜಾತಿ.
ಒಂದು ಬಾಗಿಲು ತೆರೆಯುತ್ತದೆ,
ಒಂದು ಸದ್ದಾಗದಂತೆ ಮುಂದೆ ಮಾಡುತ್ತದೆ.
ನನ್ನದು ಮುಂದೆ ಮಾಡುವ ಹೂಂ.
ಅದರಾಚೆ ಡೀಸೆಲ್ ದರ, ಮಗಳ ಹಿಮದ ಬೂಟು,
ಹಲ್ಲಿನ ಡಾಕ್ಟರ ಬಾಕಿ.
ಕಾರು ಬಾಡಿಗೆಗೆ ಕೊಟ್ಟಿದ್ದೆ.
ಕಿವಿ ಕೊಟ್ಟಿರಲಿಲ್ಲ.

ನವೆಂಬರಿನ ಒಂದು ಶುಕ್ರವಾರ, ಮಂಜು,
ರಸ್ತೆ ನಡುವೆ ಒಂದು ಮೂಸ್,
ಅಪ್ಪನ ಆಸ್ತಿ ಅನ್ನುವಂತೆ ನಿಂತಿತ್ತು.
ಎಂಜಿನ್ ಆರಿಸಿದೆ. ರೇಡಿಯೊ ಸತ್ತಿತು.
ವೈಪರ್ ಕೂಡ ಇಲ್ಲದ ಮೌನದಲ್ಲಿ ಅವನು
ಎಂದಿನ ಲೆಕ್ಕ ಹಾಕಿದ:
ಮೂರು ದೋಣಿ, ಹದಿನೈದು ಪೀಪಾಯಿ,

'ಹದಿನಾಲ್ಕಲ್ಲವೆ?'

ನನ್ನದೇ ದನಿಗೆ ನಾನು ಬೆಚ್ಚಿದೆ.
ಕೇಳದೆಯೂ ಕೇಳಿಸಿಕೊಂಡಿತ್ತು ಯಾವುದೋ ಕಿವಿ.
ಅವನು ತಿರುಗಿದ. ಎರಡು ವರ್ಷದಲ್ಲಿ
ಅವನ ಎಡಗಣ್ಣು ಅಂದೇ ನೋಡಿದ್ದು ನಾನು.
ಅಲ್ಲಿವರೆಗೆ ಬರೀ ಮೂಗಿನ ಪಕ್ಕೆ.

ಹದಿನೈದೇ, ಅಂದ.
ಅಡಿಗೆಮನೆ ಮೂಲೆಯದಕ್ಕೆ ಬಿರಡೆ ಬಡಿಯೋದು ನನ್ನ ಪಾಲಿನ ಕೆಲಸ.
ಹನ್ನೊಂದು ವರ್ಷ ನನಗೆ. ಸುತ್ತಿಗೆ ಭಾರ.
ನಾಲ್ಕು ಪೆಟ್ಟು ಹಾಕಿದೆ. ಐದು ಬೇಕಿತ್ತು.

ಕೊಲ್ಲಿಯ ನಡುವೆ ಮನೆ ವಾಲಿತು,
ಕುಡಿದು ಬಂದವನ ಹಾಗೆ, ನಿಧಾನ.
ಒಳಗೆ ಅಜ್ಜಿ. ಇಳಿಯಲ್ಲ ಅಂದಿದ್ದಳು.
ಮಹಡಿ ಕಿಟಕಿಯಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದಳು,
ಕೆಳಗೆ ಕಪಾಟಿನ ತಟ್ಟೆಗಳು ಒಂದೊಂದಾಗಿ ಬೀಳುತ್ತಿದ್ದವು.
ನಮಗೆ ಕೇಳಿಸಿತು, ಒಂದೊಂದೂ.

ಮನೆ ದಡ ಸೇರಿತು. ಅಜ್ಜಿ ಬದುಕಿದ್ದಳು.
ಗೋಡೆಕಾಗದದ ಮೇಲೆ ಮೊಣಕಾಲೆತ್ತರ ಉಪ್ಪಿನ ಗೆರೆ.
ಯಾರು ಬಡಿದದ್ದು ಅಂದ ಅಪ್ಪ.
ಗಿಡಿಯನ್, ಅಂದೆ.

ಅಣ್ಣ ಇಲ್ಲ ಅನ್ನಲಿಲ್ಲ. ಹೂಂ ಅನ್ನಲಿಲ್ಲ.
ವಸಂತಕ್ಕೆ ಟೊರಾಂಟೊ ರೈಲು ಹತ್ತಿದ.
ಆಮೇಲೆ ನಾನು ಪೀಪಾಯಿ ಹದಿನಾಲ್ಕು ಅಂತಲೇ ಹೇಳಿದೆ,
ಎಲ್ಲರಿಗೂ. ಹೆಂಡತಿಗೂ.
ಯಾರು ಎಣಿಸುತ್ತಾರೆ?

ಮೂಸ್ ಯಾವಾಗ ಹೋಯಿತೋ.
ರಸ್ತೆ ಖಾಲಿ ಇತ್ತು, ಕಾರು ನಿಂತೇ ಇತ್ತು.
ಹೇಳಬೇಕಾದ್ದು ನೂರು ಬಾಯಿಗೆ ಬಂತು,
ಚಿಕ್ಕವನಿದ್ದೆ ಬಿಡು, ಇತ್ಯಾದಿ.
ನುಂಗಿಕೊಂಡೆ. ನುಂಗುವುದೇ ಕಷ್ಟದ ಕೆಲಸ.

ಆ ದಿನ ಕಾರಿನಲ್ಲಿ ಕಾಯಲಿಲ್ಲ.
ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ.
ನಾಲ್ಕು ಗಂಟೆ ಅವನ ರಕ್ತ
ಕೊಳವೆಯಲ್ಲಿ ಹೊರಗೆ ಹೋಗಿ
ಸುತ್ತಿ ಬಂದು
ಅವನೊಳಗೇ ಸೇರುವುದನ್ನು ನೋಡಿದೆ.

ಸೋಮವಾರ ಮತ್ತೆ ಬಂದ.
ಬೆಲ್ಟು ಬಿಗಿದುಕೊಂಡು, ಕೆಮ್ಮಿ,
ಐವತ್ತೆಂಟನೇ ಇಸವಿ, ಅಂದ.
ರೇಡಿಯೊ ಆರಿಸಿದೆ.
ಹೂಂ, ಅಂದೆ. ಮನೆಯ ವಿಷಯ ಇರಲಿ,
ಗಿಡಿಯನ್ ಹೇಗಿದ್ದ?

ಪೆಟ್ರೋಲ್ ಬಂಕು ದಾಟಿತು.
ಬಹಳ ಹೊತ್ತು ಬರೀ ಟೈರಿನ ಸದ್ದು.
ಎಡಚ, ಅಂದ ಸೆಲ್ಬಿ ಕೊನೆಗೆ.
ಅವನು ಬಡಿದಿದ್ದರೆ ಬಿರಡೆ
ಆ ಕಡೆಯಿಂದ ಬಾಗುತ್ತಿತ್ತು.
ಅಪ್ಪ ನೋಡಬಹುದಿತ್ತು.