ಹಿಂದಿನ ರೀಡಿಂಗ್, ಈಗಿನ ರೀಡಿಂಗ್

ನನ್ನ ಕೆಲಸವೇ ಓದುವುದು.
ಶ್ರೀರಾಮಪುರ, ಪ್ರಕಾಶನಗರ, ಗಾಯತ್ರಿನಗರ,
ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಪಕ್ಕ,
ಜೇಡರ ಬಲೆ ಕಟ್ಟಿದ ಗಾಜಿನ ಹಿಂದೆ
ದಿನಕ್ಕೆ ಇನ್ನೂರು ಮೀಟರು ಓದುತ್ತೇನೆ.
ಹಿಂದಿನದನ್ನು ಈಗಿನದರಿಂದ ಕಳೆದರೆ
ಒಂದು ಮನೆ ಒಂದು ತಿಂಗಳು ಬದುಕಿದ್ದು
ಕಿರ್ರೆಂದು ಚೀಟಿಯಾಗಿ ಹೊರಬರುತ್ತದೆ.

ಸಂಜೆ ಓದುವುದು ಬೇರೆ.
ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಮುನಿವೆಂಕಟಪ್ಪ
ಪುಸ್ತಕಕ್ಕೆ ಎರಡೇ ಜಾತಿ ಮಾಡಿದ್ದಾನೆ:
'ಕಥೆ ಆ ಕಡೆ, ಬುದ್ಧಿ ಈ ಕಡೆ.'
ಬುದ್ಧಿಗೆ ಇಪ್ಪತ್ತು ರೂಪಾಯಿ ಜಾಸ್ತಿ.
'ದಪ್ಪ ಇರ್ತದಲ್ಲ ಸಾರ್.'

ಮೊದಲು ಕೊಂಡದ್ದು ನಿದ್ದೆಯ ಬಗ್ಗೆ.
ಸಾಕಷ್ಟು ಮಲಗದವನ ಮಿದುಳಿಗೆ ಏನೇನಾಗುತ್ತದೆಂದು
ರಾತ್ರಿ ಎರಡರವರೆಗೆ ಕೂತು ಓದಿದೆ.
'ಲೈಟಾರಿಸಿ, ಯೂನಿಟ್ ಓಡ್ತಿದೆ'
ಮಗ್ಗುಲು ಬದಲಿಸಿದಳು ಜಯಮಾಲ.
ಆ ಪುಸ್ತಕದ ಸಾರ ಅಷ್ಟೇ, ಅವಳು ಓದದೆ ಹೇಳಿದ್ದಳು.

ಆಮೇಲೆ ಅಭ್ಯಾಸದ ಬಗ್ಗೆ ಒಂದು,
ದುಡ್ಡಿನ ಬಗ್ಗೆ ಒಂದು, ಅದನ್ನು ಚೌಕಾಸಿ ಮಾಡಿ ತಂದೆ,
ಜೇನುಹುಳುಗಳ ಬಗ್ಗೆ, ಮರೆವಿನ ಬಗ್ಗೆ.
ಮರೆವಿನದ್ದನ್ನು ಮೆಜೆಸ್ಟಿಕ್ಕಿನ ಬಸ್ಸಿನಲ್ಲಿ ಬಿಟ್ಟುಬಂದೆ.
ನಗಬೇಡಿ, ನಿಜ.

ಇವೆಲ್ಲ ಒಂದೇ ಥರ ಬಾಗಿಲು ತೆಗೆಯುತ್ತವೆ:
ಎಲ್ಲೋ ದೂರದ ಊರು, ಚಳಿಯ ಬೆಳಗು,
ಒಬ್ಬಾತ ಕಾಫಿ ಹಿಡಿದು ಕೆಲಸಕ್ಕೆ ಹೊರಟಿದ್ದಾನೆ.
ಇನ್ನು ಹತ್ತು ನಿಮಿಷದಲ್ಲಿ ತಾನೊಂದು ಉದಾಹರಣೆಯಾಗುವುದು
ಪಾಪ, ಅವನಿಗೆ ಗೊತ್ತಿಲ್ಲ.
ನನಗೆ ಅವನದೇ ಚಿಂತೆ.
ಅಧ್ಯಾಯ ಮುಗಿಯುವಷ್ಟರಲ್ಲಿ ಸಿದ್ಧಾಂತ ಸಾಬೀತಾಗಿರುತ್ತದೆ;
ಆ ಕಾಫಿ ಕುಡಿದನೋ ಇಲ್ಲವೋ
ಯಾರೂ ಬರೆಯುವುದಿಲ್ಲ.

ನಾನೂ ಬೆಳಿಗ್ಗೆ ಹೊರಡುತ್ತೇನೆ.
ಆರನೇ ಕ್ರಾಸಿನ ನಾಯಿಗೆ ನಾನು ಗೊತ್ತು, ಆದರೂ ಬೊಗಳುತ್ತದೆ.
ಅಭ್ಯಾಸದ ಪುಸ್ತಕದಲ್ಲಿ ಇದಕ್ಕೊಂದು ಪುಟವಿದೆ.
ನಾಯಿಗೆ ಹೇಳಿದೆ; ಕೇಳಲಿಲ್ಲ.

ಈ ತಿಂಗಳದ್ದು ಆಕಾಶ.
ಮುಂಚೆ ಯಾರೋ ಓದಿದ್ದಾರೆ: ಪೆನ್ಸಿಲ್ಲಿನ ಗೆರೆ,
ಅಂಚಿನಲ್ಲಿ 'ಹೌದಾ?', ಇನ್ನೊಂದೆಡೆ 'ಅಮ್ಮನ್ನ ಕೇಳಬೇಕು',
ನಡುವೆ ಹಾಲಿನ ಲೆಕ್ಕ, ಮಂಗಳವಾರ ಬಂದಿಲ್ಲ.
ಈಗ ಕಾಣುವ ನಕ್ಷತ್ರ ಈಗಿನದಲ್ಲ ಎಂಬಲ್ಲಿ
ಎರಡು ಸಲ ಗೆರೆ ಎಳೆದು ಕಾಗದ ಸ್ವಲ್ಪ ಹರಿದಿದೆ.
ನನಗದು ಹೊಸತೆನಿಸಲಿಲ್ಲ.
ನಾನು ಹಂಚುವ ಬಿಲ್ಲೂ ಹಾಗೇ ತಾನೆ,
ಉರಿದು ಆರಿದ ಬೆಳಕು
ತಡವಾಗಿ ಕೈಸೇರುವುದು.

ಅರವತ್ತೊಂದನೇ ಪುಟಕ್ಕೆ ಗೆರೆ ನಿಂತಿತು.
ಬೇಜಾರಾಗಿರಬಹುದು, ಪರೀಕ್ಷೆ ಬಂದಿರಬಹುದು,
ಮನೆ ಖಾಲಿ ಮಾಡಿರಬಹುದು.
ಹಿಂದಿನದೂ ಈಗಿನದೂ ಒಂದೇ ಅಂಕಿಯಾದರೆ
ಬಳಕೆ ಸೊನ್ನೆ ಎಂದು ಒತ್ತುತ್ತೇನೆ;
ಯಾಕೆ ಎಂಬ ಗುಂಡಿ ಮಷೀನಿನಲ್ಲಿ ಇಲ್ಲ.

ಅಲ್ಲಿಂದಾಚೆ ಒಬ್ಬನೇ ಹೋದೆ. ಕಷ್ಟವಾಯಿತು.
ಗ್ಯಾಲಕ್ಸಿಯಿಂದ ಗ್ಯಾಲಕ್ಸಿ ದೂರ ಸರಿಯುತ್ತಿದೆಯಂತೆ,
ಪಕ್ಕದಲ್ಲಿ ಒಂದು 'ಹೌದಾ?' ಇಲ್ಲ.
ಜಯಮಾಲಳಿಗೆ ಹೇಳಿದೆ. ಹುರುಳಿಕಾಯಿಯ ನಾರು ತೆಗೆಯುತ್ತ
'ಎಲ್ಲಿಗೆ ಹೋಗ್ತವೆ?' ಅಂದಳು.
ಕೊನೆಯ ಪುಟದವರೆಗೂ ತಿರುವಿ ನೋಡಿದೆ.
ಎಲ್ಲಿಗೆ ಎಂದು ಬರೆದಿಲ್ಲ.

ಇದುವರೆಗೆ ಹನ್ನೊಂದು ಓದಿದೆ.
ಹಿಂದಿನ ನನ್ನನ್ನು ಈಗಿನ ನನ್ನಿಂದ ಕಳೆದರೆ
ಎಷ್ಟು ಯೂನಿಟ್ಟು? ಚೀಟಿ ಬರುವುದಿಲ್ಲ.
ಕೋಪ ಹಾಗೇ ಇದೆ. ಐದಕ್ಕೆ ಏಳುವುದು ನಾಲ್ಕು ದಿನ ನಡೆಯಿತು.
ದುಡ್ಡು, ಕೇಳಬೇಡಿ.
ಆದರೆ ಮೊನ್ನೆ ಗಾಯತ್ರಿನಗರದ ಒಂದು ಮೀಟರ್ ಡಬ್ಬಿಯೊಳಗೆ
ಜೇನು ಕಟ್ಟಿತ್ತು, ಅಂಗೈಯಷ್ಟು.
ಹೊಗೆ ಹಾಕಿಬಿಡಿ ಅಂದರು ಮನೆಯವರು.
ನಾನು ಉಸಿರು ಹಿಡಿದು ಬಾಗಿ ನೋಡಿದೆ:
ಒಂದು ಹುಳು ಸೊಂಟ ಅಲುಗಿಸಿ ಕುಣಿಯುತ್ತಿತ್ತು,
ಹೂವು ಎಲ್ಲಿದೆಯೆಂದು ಉಳಿದವಕ್ಕೆ ಹೇಳುವ ಕುಣಿತ,
ತೊಂಬತ್ತೇಳನೇ ಪುಟ.
ಆ ಮನೆಗೆ ಅಂದಾಜು ಅಂಕಿ ಬರೆದು ಬಂದೆ.

ರಾತ್ರಿ ಪೆನ್ಸಿಲ್ ಹುಡುಕಿ
ಅರವತ್ತೆರಡರಿಂದ ಗೆರೆ ಎಳೆಯಲು ಕೂತೆ.
ಗ್ಯಾಲಕ್ಸಿಯ ಪಕ್ಕ 'ಎಲ್ಲಿಗೆ ಹೋಗ್ತವೆ?' ಎಂದು ಬರೆದೆ,
ಮಾತು ಅವಳದು, ಅಕ್ಷರ ನನ್ನದು.
ಮುನಿವೆಂಕಟಪ್ಪ ವಾಪಸು ತೆಗೆದುಕೊಳ್ಳುವುದು ಅರ್ಧ ಬೆಲೆಗೆ.
ಗೀಚಿದ್ದರೆ ಇನ್ನೂ ಐದು ರೂಪಾಯಿ ಕಡಿಮೆ.