ಗಾಜಿನ ಆ ಬದಿ

ಭಾನುವಾರ, ಬೆಳಗಿನ ಎಂಟು ಗಂಟೆ, ರೂವಿ.
ಇವತ್ತಿನ ಪಾಠ ಹಾಳೆಯಲ್ಲಿ ಮೊದಲೇ ಬರೆದಾಗಿತ್ತು:
‘ಬಿ’ ಅಕ್ಷರ, ಬಲೂನು, ಬಾಳೆಹಣ್ಣು,
ಇಪ್ಪತ್ತು ನಿಮಿಷ.

ತಸ್ನೀಮಳಿಗೆ ಬಲೂನು ಬೇಡ.
ಕಿಟಕಿಗೆ ಮೂಗು ಒತ್ತಿ ನಿಂತಿದ್ದಳು.
ರಾತ್ರಿಯಿಡೀ ಓಡಿದ ಏಸಿಗೆ ಗಾಜೆಲ್ಲ ಮಂಜುಗಟ್ಟಿ
ಎದುರಿನ ಬೋಳು ಗುಡ್ಡವೇ ಮಾಯ.
ಅಂಗೈಯಿಂದ ಒರೆಸಿದಳು. ಹೋಗಲಿಲ್ಲ.
ಫ್ರಾಕಿನ ಅಂಚಿನಿಂದ ಒರೆಸಿದಳು. ಹೋಗಲಿಲ್ಲ.
“ಟೀಚರ್, ಇದು ಅಳಿಸ್ತಾನೇ ಇಲ್ಲ.”

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.
ಒಂದೇ ವಾಕ್ಯ, ಹೇಳಿ ಮುಗಿಸಿದ್ದರೆ
ಬಲೂನಿಗೆ ಹದಿನೇಳು ನಿಮಿಷ ಉಳಿಯುತ್ತಿತ್ತು.
ಯಾಕೋ ನುಂಗಿಕೊಂಡೆ.
“ಹೌದಾ?” ಅಂದೆ, ಅಷ್ಟೇ.

ಆ ‘ಹೌದಾ’ಕ್ಕೆ ಇಡೀ ಕ್ಲಾಸು ಎದ್ದು ಬಂತು.
ಟಿಶ್ಯೂ ತಂದರು, ರಬ್ಬರು ತಂದರು,
ಉಫ್ ಅಂತ ಊದಿದರು.
ಶೈಮಾ ನಾಲಿಗೆ ಚಾಚಿ ನೆಕ್ಕಿಯೇ ಬಿಟ್ಟು
“ಬಾರಿದ್” ಅಂದಳು. ತಣ್ಣಗಿದೆಯಂತೆ.
ಇನಿಯನ್ ಬಹಳ ಹೊತ್ತು ಸುಮ್ಮನಿದ್ದು
ಕನ್ನಡಕ ಮೇಲೇರಿಸಿ, ಗುಟ್ಟು ಹೇಳುವವನಂತೆ:
“ಅದು ನಮ್ಮ ಕಡೆ ಇಲ್ಲ.”

ಕುಷ್ಟಗಿಯ ಶಾಲೆಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ.
ಗೋಡೆಯ ನಕಾಶೆಯಲ್ಲಿ, ನೀಲಿ ಸಮುದ್ರದ ನಟ್ಟನಡುವೆ
ಮೇಲಿಂದ ಕೆಳಗಿಳಿಯುವ ಬಿಳಿ ಗೆರೆ,
ಅದು ಯಾವ ಹೊಳಿ, ಸರ?
“ಅದು ಮಡಿಕಿ. ಕುಂದ್ರು.”
ಎಲ್ಲರೂ ನಕ್ಕರು, ನಾನೂ ನಕ್ಕೆ, ಕುಂತೆ.
ಇಪ್ಪತ್ತಾರು ವರ್ಷದ ಮೇಲೆ, ಮಸ್ಕತ್ತಿನ ವಿಮಾನದಲ್ಲಿ,
ಕಿಟಕಿಗೆ ಹಣೆ ಹಚ್ಚಿ ಕೆಳಗೆ ಹುಡುಕಿದ್ದೆ ಆ ಮಡಿಕೆಯನ್ನು.
ಕತ್ತಲಿತ್ತು.

ಸೆಪ್ಟೆಂಬರ್ ಮುಗಿಯುವ ತನಕ ಮಕ್ಕಳನ್ನು ಹೊರಗೆ ಬಿಡಬಾರದು,
ಇದು ಬಸ್ಮಾ ಮೇಡಂ ಗೋಡೆಗೆ ಅಂಟಿಸಿದ ನಿಯಮ.
“ಐದೇ ನಿಮಿಷ” ಅಂತ ರೋವೆನಾಳಿಗೆ ಕಣ್ಸನ್ನೆ ಮಾಡಿ
ಬಾಗಿಲು ತೆರೆದೆ.
ಕುದಿವ ಅನ್ನದ ಮುಚ್ಚಳ ಎತ್ತಿದಂತೆ ಸೆಕೆ ಮುಖಕ್ಕೆ.
ಇನಿಯನ್‌ನ ಕನ್ನಡಕ ಕ್ಷಣದಲ್ಲಿ ಬೆಳ್ಳಗಾಯಿತು.
ಹೆದರಿ ಅತ್ತಾನು ಅಂದುಕೊಂಡೆ.
ಅವನು ತೆಗೆದು, ಒಳಬದಿ ಮುಟ್ಟಿ, ಹೊರಬದಿ ಮುಟ್ಟಿ,
“ಇದಕ್ಕೆ ಎರಡೂ ಕಡೆ!” ಅಂತ ಕುಣಿದ.

ತಸ್ನೀಮ್ ಹೊರಗಿನಿಂದ ಗಾಜಿನ ಮೇಲೆ ಬೆರಳೆಳೆದಳು.
ಗೆರೆ ಮೂಡಿತು, ಗೆರೆಯ ಬುಡದಿಂದ ನೀರಿಳಿಯಿತು.
ಆಮೇಲೆ, ಯಾರೂ ಹೇಳದೆ, ನನ್ನನ್ನು ಖುಷಿಪಡಿಸಲೋ ಏನೋ,
ಒಂದು ದೊಡ್ಡ ‘ಬಿ’:
ಕೋಲು, ಕೋಲಿನ ಬುಡಕ್ಕೊಂದು ಹೊಟ್ಟೆ.
ಶೀತವೆಂದು ಒಳಗೇ ಉಳಿದಿದ್ದ ಕೈಸ್
“ಡಿ! ಡಿ!” ಅಂತ ಗಾಜು ಬಡಿದ.
ಇವಳು ಹೊರಗಿಂದ “ಬಿ!”
ಅವನು ಒಳಗಿಂದ “ಡಿ!”
ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.
ನ್ಯಾಯ ತೀರಿಸಲು ಎಲ್ಲರೂ ಒಳಗೋಡಿದರು, ಮತ್ತೆ ಹೊರಗೆ,
ಮತ್ತೆ ಒಳಗೆ. ಬಾಗಿಲು ತೆರೆದೇ ಇತ್ತು.
ಕರೆಂಟು ಬಿಲ್ಲು ನೆನಪಾಯಿತು. ಮರೆತೆ.

ಈಗ ಮಧ್ಯಾಹ್ನ. ಮಲಗಿದ್ದಾರೆ.
ಗಾಜು ಒಣಗಿ ಗುಡ್ಡ ಮರಳಿದೆ,
‘ಬಿ’ಯ ಜಾಗದಲ್ಲಿ ಧೂಳಿನ ಸಣ್ಣ ಕಲೆ.
ಬಲೂನುಗಳು ಪ್ಯಾಕೆಟ್ಟಿನಲ್ಲೇ ಇವೆ.
ಹಾಳೆಯ ಕೊನೆಯ ಕಾಲಂ: ‘ಇಂದು ಕಲಿತದ್ದು’.
ಯಾರು ಅಂತ ಕೇಳಿಲ್ಲ.
ಹೊದಿಕೆಯೊಳಗಿಂದ, ಅರೆನಿದ್ದೆಯಲ್ಲಿ ಇನಿಯನ್ ಕೇಳಿದ್ದ:
ಗುಡ್ಡ ಕಾಣದೆ ಇದ್ದಾಗ
ಗುಡ್ಡಕ್ಕೆ ನಾವು ಕಾಣ್ತಿದ್ವಾ?
ಅದನ್ನೇ ಬರೆಯತೊಡಗಿದೆ.
ಜಾಗ ಸಾಲಲಿಲ್ಲ. ಹಾಳೆ ಮಗುಚಿದೆ.