ಅಳಿವೆಯ ಹುಂಜ

ದೋಣಿ ಸಣ್ಣದು. ಮರ ಕೊರೆದ ಪಾತಿ.
ಅದರೊಳಗೆ ಮೂವರು:
ಹುಟ್ಟು ಹಿಡಿದ ಅಂಬಿಗರ ಜಟ್ಟ, ವಯಸ್ಸು ಹದಿಮೂರು;
ಓಲೆಕಾರ ಪಾರಿಸಯ್ಯನ ಮಗಳು ನಾಗಲೆ,
ಅವನಿಗಿಂತ ಒಂದು ಮಳೆಗಾಲ ದೊಡ್ಡವಳು;
ಕಾಲು ಕಟ್ಟಿಸಿಕೊಂಡು ಮುನಿದು ಕೂತ
ಕೆಂಪು ಹುಂಜ.

ನಾಗಲೆಯ ಮಡಿಲಲ್ಲಿ ಓಲೆಗಟ್ಟು.
ಎರಡು ಹಲಗೆ, ಒಂದು ದಾರ, ನೂರಾ ಎಂಟು ಗರಿ,
ಮೇಲೆ ಅರಿಸಿನ ಬಣ್ಣದ ಪಟ್ಟೆವಸ್ತ್ರ.
ನಗಿರೆಗೆ ದಂಡು ಬರುವ ಸುದ್ದಿ ಮುಟ್ಟಿದ ಸಂಜೆ
ಬಸದಿಯ ಹಿಂಬಾಗಿಲಲ್ಲಿ ಅಪ್ಪ ಹೇಳಿದ್ದು ಇಷ್ಟು:
"ಕಾಸರಕೋಡಿನ ಮರಳಲ್ಲಿ ಕಂತಿಯರು ಕಾಯುತ್ತಾರೆ.
ಹೊತ್ತು ಮೂಡುವುದರೊಳಗೆ ಮುಟ್ಟಿಸು.
ಹಿಂತಿರುಗಿ ನೋಡಬೇಡ."
ಅವಳು ನೋಡಿದಳು. ಯಾರು ತಾನೇ ನೋಡುವುದಿಲ್ಲ?

"ಹುಂಜ ಯಾತಕ್ಕೆ?"
"ಅಳಿವೆ ದಾಟುವವರು ಜಟಗನಿಗೆ ರಕ್ತ ಕೊಡಬೇಕು.
ಅಪ್ಪ ಕೊಡದೆ ಹೋದ. ಬರಲಿಲ್ಲ."
ನಾಗಲೆ ಸುಮ್ಮನಾದಳು.
ಇರುವೆ ತುಳಿಯದಂತೆ ನಡೆಯಲು ಕಲಿತವಳು,
ಹೊತ್ತು ಮುಳುಗಿದ ಮೇಲೆ ಹನಿ ನೀರೂ ಕುಡಿಯದವಳು,
ಅಪ್ಪನಿಲ್ಲದ ಹುಡುಗನಿಗೆ ಏನು ಹೇಳಿಯಾಳು?
ಬಾಯೊಳಗೇ ಐದು ನಮಸ್ಕಾರ ಎಣಿಸಿದಳು.
ಆರನೆಯದು ಹುಂಜಕ್ಕೆ.

ಮಾವಿನಕುರ್ವೆಯ ತಿರುವಿನಲ್ಲಿ ಪಂಜು.
ಒಂದು, ಎರಡು, ಏಳು!
ಲೂಟಿಗಾರರ ದೋಣಿಗಳು ಹೊಳೆ ಏರಿ ಬರುತ್ತಿವೆ.
ಜಟ್ಟ ಪಾತಿಯನ್ನು ಕಾಂಡ್ಲದ ಬೇರುಗಳೊಳಗೆ ನುಗ್ಗಿಸಿದ.
ಬೆಳಕು ಕಂಡು ಹುಂಜ ಕತ್ತು ನೀಳಿಸಿತು,
ಬೆಳಗಾಯಿತೆಂದು ಅದರ ಲೆಕ್ಕ.
ಜಟ್ಟನ ಕೈ ಸೊಂಟದ ಕತ್ತಿಗೆ.
ನಾಗಲೆಯ ಕೈ ಅದಕ್ಕೂ ಮೊದಲು
ಓಲೆಗಟ್ಟಿನ ವಸ್ತ್ರ ಬಿಚ್ಚಿ
ಹುಂಜದ ತಲೆಗೆ ಮುಸುಕು ಹಾಕಿತ್ತು.
"ಕೊ" ಎಂದಿತು ಒಳಗಿಂದ, ಅಷ್ಟೇ.
ಪಂಜುಗಳು ಮೇಲ್ಹೊಳೆಗೆ ಸರಿದವು.
ಆದರೆ ಬರಿಮೈಯ ಓಲೆಗಟ್ಟಿನ ದಾರ
ಬೇರಿಗೆ ಸಿಕ್ಕಿ ಹರಿದು, ಒಂದು ಗರಿ ಜಾರಿತು.
ಹೊಳೆ ಅದನ್ನು ಓದುತ್ತ ಓದುತ್ತ ಒಯ್ದಿತು.

ಅವಳು ಅಳಲಿಲ್ಲ ಎಂದು ಬರೆದರೆ ಸುಳ್ಳಾದೀತು.

ಆಮೇಲೆ ಕಾವಳ. ಪುಷ್ಯಮಾಸದ ದಪ್ಪ ಕಾವಳ.
ಹಾಲಿನ ಗಡಿಗೆಗೆ ಬಿದ್ದ ಇರುವೆಯಂತೆ ಪಾತಿ.
ದಡವಿಲ್ಲ, ಚುಕ್ಕಿಯಿಲ್ಲ,
ಇಳಿತದ ನೀರು ಅಡಿಯಿಂದ ಎಳೆಯುತ್ತಿದೆ,
ಮುಂದೆಲ್ಲೋ ಕಡಲು ಹಲ್ಲು ಕಡಿಯುವ ಸದ್ದು.
"ಅಳಿವೆ ಬಂತು. ಈಗ ಕೊಡದಿದ್ದರೆ..."
ಜಟ್ಟನ ದನಿ ನಡುಗಿತು.
"ನಿನ್ನ ಹರಕೆ ನಿನ್ನದು. ನಾನು ಕೈ ಹಿಡಿಯುವುದಿಲ್ಲ," ಎಂದಳು ನಾಗಲೆ.
"ಮುಸುಕು ಮಾತ್ರ ನಾನೇ ತೆಗೆಯುತ್ತೇನೆ.
ಅದು ಒಂದು ಸಲ ಆಕಾಶ ನೋಡಲಿ."

ಆಕಾಶವೇನೂ ಇರಲಿಲ್ಲ, ಬರೀ ಬೂದಿ ಬಣ್ಣ.
ಹುಂಜಕ್ಕೆ ಅಷ್ಟೇ ಸಾಕಾಯಿತು.
ಕೂಗಿತು! ಇಡೀ ರಾತ್ರಿ ನುಂಗಿಟ್ಟ ಕೂಗು.
ಎತ್ತಿದ ಕತ್ತಿ ಎತ್ತಿದಲ್ಲೇ ನಿಂತಿತು,
ಏಕೆಂದರೆ ಎಡಗಡೆಯಿಂದ, ಬಲು ದೂರದಿಂದ
ಇನ್ನೊಂದು ಹುಂಜ ಓಗೊಟ್ಟಿತು.
ಅದರ ಬೆನ್ನಿಗೆ ಮತ್ತೊಂದು, ಮೂರನೆಯದು,
ಕಾಸರಕೋಡಿನ ಕೇರಿಗೆ ಕೇರಿಯೇ.
"ಹುಂಜ ಇದ್ದಲ್ಲಿ ಮನೆ, ಮನೆ ಇದ್ದಲ್ಲಿ ದಡ!"
ಜಟ್ಟ ಕತ್ತಿ ಬಿಸುಟು ಹುಟ್ಟು ಹಿಡಿದ.
ಇದು ಕೇಳುತ್ತಿತ್ತು, ಅವು ಹೇಳುತ್ತಿದ್ದವು,
ಪಾತಿಯ ತಳಕ್ಕೆ ಮರಳು ಕರ್ರೆಂದು ತಾಗುವ ತನಕ.

ಜಟಗನ ಕಲ್ಲಿನ ಮುಂದೆ ಜಟ್ಟ ತೆಂಗಿನಕಾಯಿ ಇಟ್ಟ.
"ಹುಂಜ ನಿಂದೇ ಮಾರಾಯ, ಆದರೆ ನನ್ನ ಹಟ್ಟಿಯಲ್ಲಿರಲಿ.
ಆಗದಿದ್ದರೆ ಈಗಲೇ ಹೇಳು."
ಕಲ್ಲು ಬಹಳ ಹೊತ್ತು ಯೋಚಿಸಿತು.
ಆಗದು ಎನ್ನಲಿಲ್ಲ.

ನಾಗಲೆ ಕಂತಿಯರ ಪಕ್ಕ ಕೂತು
ಹೊಳೆ ಒಯ್ದ ಗರಿಯನ್ನು ಹೊಸ ಗರಿಯ ಮೇಲೆ
ಬಾಯಿಪಾಠದಿಂದ ಬರೆದಳು.
ಸಾಲು ಸಾಲೂ ಬಂತು, ಅಪ್ಪನ ದನಿಯಲ್ಲೇ.
ಒಂದೇ ಒಂದು ಅಕ್ಷರ ಮರೆತಿತ್ತು.
ಅದರ ಜಾಗದಲ್ಲಿ, ಕಂಟದ ಮೊನೆಯಿಂದ,
ಕೊರಳೆತ್ತಿ ನಿಂತ
ಇಷ್ಟೇ ಇಷ್ಟು ಹುಂಜ.